ಮಣಿಹಾರ ಹೆಣೆಯೋಣ, ಲೆಕ್ಕ ಬರೆಯೋಣ

(ಸಾಕ್ಷರತಾ ಕಲಿಕಾ ಕೇಂದ್ರದಲ್ಲಿ ಮಣಿಹಾರ ಮಾಡುವ ಹೆಂಗಸರ ಗುಂಪು ಆಡಿದ ಮಾತು)

ನಾವು ಎಂಟು ಜನ ಹೆಂಗಸರು. ಗಾಜಿನ ಮಣಿಯಿಂದ ಹಾರ ಮಾಡುವುದು ನಮ್ಮ ಕೆಲಸ. ಭಾಷಣ ಮಾಡಿ ನಮಗೆ ಅಭ್ಯಾಸ ಇಲ್ಲ. ಆದರೆ ನಾವೂ ನಿಮ್ಮ ಹಾಗೆ ಇಂಥದೇ ಕೇಂದ್ರದಲ್ಲಿ ಚಾಪೆ ಮೇಲೆ ಕೂತು ಅಕ್ಷರ ಕಲಿತವರು. ಅದಕ್ಕೇ ನಿಮ್ಮ ಹತ್ತಿರ ಮಾತಾಡೋಕೆ ನಮಗೆ ಸಂಕೋಚ ಇಲ್ಲ.

ಈ ಹಾರ ನೋಡಿ. ಬಿಳಿ ಹೂ, ನಡುವೆ ಹಳದಿ, ಹೂವಿಗೂ ಹೂವಿಗೂ ಮಧ್ಯೆ ಹಸಿರು. ಒಬ್ಬರ ಕೈಯಿಂದ ಒಬ್ಬರಿಗೆ ಕೊಡಿ. ಎಲ್ಲರೂ ಮುಟ್ಟಿ ನೋಡಿ. ಇದರಲ್ಲಿ ಎಷ್ಟು ಮಣಿ ಇರಬಹುದು? ನೂರಾ? ಇನ್ನೂರಾ? ಮನಸ್ಸಿನಲ್ಲೇ ಇಟ್ಟುಕೊಳ್ಳಿ. ಆಮೇಲೆ ನಾವೇ ಕೇಳ್ತೀವಿ.

ಮಣಿ ನಮಗೆ ಹೊಸದಲ್ಲ

ಮಗು ಹುಟ್ಟಿದರೆ ದೃಷ್ಟಿ ತಾಗದಿರಲಿ ಅಂತ ಕೈಗೆ ಕರಿಮಣಿ ಕಟ್ಟುತ್ತೇವೆ. ಮದುವೆಯಾದರೆ ಕೊರಳಿಗೆ ಕರಿಮಣಿ ಸರ ಬರುತ್ತದೆ. ಲಂಬಾಣಿ ಅಕ್ಕಂದಿರ ಉಡುಪು ನೋಡಿದ್ದೀರಲ್ಲ? ಮಣಿ, ಕವಡೆ, ಕನ್ನಡಿ ಇಲ್ಲದೆ ಅದು ಮುಗಿಯುವುದೇ ಇಲ್ಲ.

ಈ ಕಸುಬು ಬಹಳ ಹಳೆಯದು. ಗುಜರಾತಿನಲ್ಲಿ ಲೋಥಲ್ ಅಂತ ಒಂದು ಜಾಗ ಇದೆ. ನಾಲ್ಕು ಸಾವಿರ ವರ್ಷಕ್ಕೂ ಹಿಂದೆ ಅಲ್ಲಿ ಊರಿತ್ತು. 1955ರಲ್ಲಿ ಅಲ್ಲಿ ನೆಲ ಅಗೆಯಲು ಶುರು ಮಾಡಿದರು. ಅದರ ಮುಂದಾಳು ನಮ್ಮ ಕನ್ನಡ ನಾಡಿನವರೇ ಆದ ಎಸ್. ಆರ್. ರಾವ್. ಅಗೆದಾಗ ಮಣಿ ಮಾಡುವ ಕಾರ್ಖಾನೆಯೇ ಸಿಕ್ಕಿತು. ಅಷ್ಟು ಹಿಂದೆಯೂ ನಮ್ಮ ಜನ ಕಲ್ಲನ್ನು ಉಜ್ಜಿ, ತೂತು ಕೊರೆದು, ಮಣಿ ಮಾಡುತ್ತಿದ್ದರು.

ನಾವು ಬಳಸುವುದು ಸಣ್ಣ ಗಾಜಿನ ಮಣಿ. ಗಾಜಿನ ಮಣಿಗೆ ಹೆಸರಾದ ಊರುಗಳು ನಮ್ಮ ದೇಶದಲ್ಲೇ ಇವೆ. ಉತ್ತರ ಪ್ರದೇಶದ ಪುರ್ದಿಲ್‌ನಗರ ಒಂದು. ಆಂಧ್ರಪ್ರದೇಶದ ಪಾಪನಾಯುಡುಪೇಟೆ ಇನ್ನೊಂದು. ಪಾಪನಾಯುಡುಪೇಟೆಯಲ್ಲಿ ಕರಗಿದ ಗಾಜನ್ನು ಉದ್ದ ಕೊಳವೆಯಾಗಿ ಎಳೆದು, ಅದನ್ನು ಸಣ್ಣಗೆ ತುಂಡು ಮಾಡಿ ಮಣಿ ಮಾಡುವ ವಿದ್ಯೆ ಬೆಳೆಯಿತು. ಎಲ್ಲೋ ಒಬ್ಬರು ಬೆಂಕಿಯ ಮುಂದೆ ಬೆವರು ಸುರಿಸಿದ ಮೇಲೆ ಮಣಿ ನಮ್ಮ ತಟ್ಟೆಗೆ ಬರುತ್ತದೆ.

ಏನೇನು ಬೇಕು?

ಬೇಕಾದ್ದು ಸ್ವಲ್ಪವೇ. ಮಣಿ, ಸೂಜಿ, ದಾರ, ಕೊಕ್ಕೆ, ಕತ್ತರಿ. ಒಂದು ಅಗಲ ತಟ್ಟೆ. ತಟ್ಟೆಯ ಮೇಲೆ ಒಂದು ಬಟ್ಟೆ ಹಾಸಿ. ಆಗ ಮಣಿ ಉರುಳುವುದಿಲ್ಲ, ಸೂಜಿಗೂ ಸುಲಭವಾಗಿ ಸಿಗುತ್ತದೆ.

ಮಣಿಗೆ ನಂಬರು ಇರುತ್ತದೆ. ಇಲ್ಲಿ ಒಂದು ತಮಾಷೆ ಇದೆ. ನಂಬರು ದೊಡ್ಡದಾದಷ್ಟೂ ಮಣಿ ಚಿಕ್ಕದು. 6ನೇ ನಂಬರು ಸುಮಾರು 4 ಮಿಲಿಮೀಟರ್. 8ನೇ ನಂಬರು ಸುಮಾರು 3 ಮಿಲಿಮೀಟರ್. 11ನೇ ನಂಬರು ಸುಮಾರು 2 ಮಿಲಿಮೀಟರ್. ಹೊಸದಾಗಿ ಕಲಿಯುವವರಿಗೆ 8 ಒಳ್ಳೆಯದು. ಸೂಜಿಯೂ ಹಾಗೇ. 10ಕ್ಕಿಂತ 12ನೇ ನಂಬರಿನ ಸೂಜಿ ಸಣ್ಣ.

ದಾರದ ವಿಷಯದಲ್ಲಿ ನಾವು ಒಂದು ಸಲ ಪೆಟ್ಟು ತಿಂದಿದ್ದೇವೆ. ಮೊದಮೊದಲು ಬಟ್ಟೆ ಹೊಲಿಯುವ ಹತ್ತಿಯ ದಾರದಲ್ಲೇ ಹಾರ ಮಾಡಿದೆವು. ಜಾತ್ರೆಯಲ್ಲಿ ಮಾರಿದೆವು. ಒಂದೇ ತಿಂಗಳಿಗೆ ಹಾರ ಕಿತ್ತುಹೋಗಿ ಮಣಿ ಚೆಲ್ಲಾಪಿಲ್ಲಿ! ಕೊಂಡವರು ಬಂದು ಬೈದರು. ತಪ್ಪು ನಮ್ಮದೇ. ಗಾಜಿನ ತೂತಿನ ಅಂಚು ಹರಿತವಾಗಿರುತ್ತದೆ, ದಾರವನ್ನು ಉಜ್ಜಿ ಉಜ್ಜಿ ಕತ್ತರಿಸುತ್ತದೆ. ಬೆವರು ತಾಗಿದರೆ ಹತ್ತಿ ದಾರ ಬೇಗ ಹಾಳಾಗುತ್ತದೆ. ಈಗ ನಾವು ನೈಲಾನ್ ದಾರವನ್ನೇ ಬಳಸುತ್ತೇವೆ. ಮೊದಲು ಚೆನ್ನಾಗಿ ಎಳೆದು ಹಿಗ್ಗಿಸುತ್ತೇವೆ. ಆಮೇಲೆ ಜೇನುಮೇಣ ಸವರುತ್ತೇವೆ. ದಾರ ಸಿಕ್ಕಾಗುವುದಿಲ್ಲ.

ಇನ್ನೊಂದು ಮಾತು. ಕೆಲವು ಮಣಿಗೆ ಮೇಲೆ ಮಾತ್ರ ಬಣ್ಣ ಹಚ್ಚಿರುತ್ತಾರೆ. ಕೊಳ್ಳುವ ಮೊದಲು ನಾಲ್ಕು ಮಣಿ ತಂದು, ಒದ್ದೆಯಾದ ಬಿಳಿ ಬಟ್ಟೆಯಲ್ಲಿ ಸುತ್ತಿ ರಾತ್ರಿ ಇಡಿ. ಬೆಳಿಗ್ಗೆ ಉಜ್ಜಿ ನೋಡಿ. ಬಟ್ಟೆಗೆ ಬಣ್ಣ ಹತ್ತಿದರೆ ಆ ಮಣಿ ಬೇಡ.

ಮೊದಲನೆಯದು, ಹೂ ಹೊಲಿಗೆ

ಈಗ ಕೈಯಲ್ಲಿರುವ ಹಾರಕ್ಕೆ ಬರೋಣ. ಇದಕ್ಕೆ ನಾವು ಹೂ ಹೊಲಿಗೆ ಅಂತೀವಿ. ಮಾಡುವುದು ಹೀಗೆ.

ಸೂಜಿಗೆ 6 ಬಿಳಿ ಮಣಿ ತಗೊಳ್ಳಿ. ಮೊದಲನೇ ಮಣಿಯೊಳಗೆ ಸೂಜಿಯನ್ನು ಇನ್ನೊಂದು ಸಲ, ಮೊದಲು ಹೋದ ದಿಕ್ಕಿನಲ್ಲೇ ತೂರಿಸಿ. ಎಳೆಯಿರಿ. ಬಳೆಯ ಹಾಗೆ ದುಂಡಗಾಯಿತಲ್ಲ? ಈಗ ಒಂದು ಹಳದಿ ಮಣಿ ತಗೊಳ್ಳಿ. ಅದನ್ನು ನಡುವೆ ಕೂರಿಸಿ, ಎದುರಿಗಿರುವ 4ನೇ ಬಿಳಿ ಮಣಿಯೊಳಗೆ ಸೂಜಿ ತೂರಿಸಿ ಎಳೆಯಿರಿ. ಹೂ ಆಯಿತು! ಮುಂದೆ 2 ಹಸಿರು ಮಣಿ. ಮತ್ತೆ 6 ಬಿಳಿ. ಹೀಗೇ ಸಾಗಬೇಕು.

ಯಾಕೆ 6? ಒಂದೇ ಅಳತೆಯ ದುಂಡು ವಸ್ತು ಒಂದರ ಸುತ್ತ ಸರಿಯಾಗಿ ಆರೇ ಕೂರುತ್ತವೆ. ನಂಬಿಕೆ ಇಲ್ಲದಿದ್ದರೆ ಮನೆಯಲ್ಲಿ ಒಂದೇ ತರಹದ ಏಳು ನಾಣ್ಯ ಇಟ್ಟು ನೋಡಿ. ಒಂದು ನಡುವೆ, ಆರು ಸುತ್ತ. ಸಂದು ಉಳಿಯುವುದಿಲ್ಲ.

ಈಗ ಎಣಿಸೋಣ. ಒಂದು ಹೂವಿಗೆ 6 ಬಿಳಿ, 1 ಹಳದಿ. ಒಟ್ಟು 7. ಹಾರದಲ್ಲಿ 30 ಹೂ ಇವೆ. 30 ಸಲ 7 ಅಂದರೆ 210. ಹೂಗಳ ಮಧ್ಯೆ 29 ಸಂದು ಇವೆ. ಸಂದಿಗೆ 2 ಹಸಿರು. 29 ಸಲ 2 ಅಂದರೆ 58. 210ಕ್ಕೆ 58 ಸೇರಿಸಿದರೆ 268.

ಈ ಹಾರದಲ್ಲಿ 268 ಮಣಿ ಇವೆ. ಯಾರ ಊಹೆ ಹತ್ತಿರ ಬಂತು?

ಇದನ್ನು ಎಣಿಸೋಕೆ ನಮಗೂ ಬರುತ್ತಿರಲಿಲ್ಲ. ಬಾರದೇ ಇದ್ದುದರಿಂದ ಏನಾಯಿತು ಅಂತ ಹೇಳ್ತೀವಿ ಕೇಳಿ.

ನಾಲ್ಕು ಗ್ರಾಂ ಮಣಿಯ ಕಥೆ

ಇದು 2018ರ ಮಾತು. ಆಗ ಪೇಟೆಯ ಒಬ್ಬ ವ್ಯಾಪಾರಿ ನಮಗೆ ಮಣಿ, ದಾರ ಕೊಡುತ್ತಿದ್ದರು. ನಾವು ಹಾರ ಹೆಣೆದು ಕೊಡಬೇಕು. ಕೊಕ್ಕೆ ಅವರೇ ಹಾಕಿಕೊಳ್ಳುತ್ತಿದ್ದರು. ಒಂದು ಹಾರಕ್ಕೆ 20 ರೂಪಾಯಿ ಕೂಲಿ. ಮಣಿ ತೂಕ ಮಾಡಿ ಕೊಡುವರು, ತೂಕ ಮಾಡಿ ವಾಪಸು ತಗೊಳ್ಳುವರು. ಚೀಟಿಯಲ್ಲಿ ಏನೋ ಬರೆಯುವರು. ನಾವು ಹೆಬ್ಬೆಟ್ಟು ಒತ್ತುವೆವು.

ನಮ್ಮ ಗುಂಪಿನಲ್ಲಿ ಒಬ್ಬ ಹಿರಿಯಕ್ಕ ಇದ್ದಾರೆ. ಇಲ್ಲೇ ಕೂತಿದ್ದಾರೆ. ಅವರಿಗೆ 100 ಗ್ರಾಂ ಮಣಿ ಕೊಟ್ಟಿದ್ದರು. ಅಕ್ಕ 12 ಹಾರ ಹೆಣೆದು, ಉಳಿದ ಮಣಿ ಪೊಟ್ಟಣ ಕಟ್ಟಿಕೊಂಡು ಹೋದರು. ಹಾರ 84 ಗ್ರಾಂ ತೂಗಿತು. ಉಳಿದ ಮಣಿ 12 ಗ್ರಾಂ. ಒಟ್ಟು 96.

"ಇನ್ನು ನಾಲ್ಕು ಗ್ರಾಂ ಎಲ್ಲಿ ಹೋಯ್ತಮ್ಮಾ? ಮನೆಗೆ ಎತ್ತಿಟ್ಟುಕೊಂಡ್ಯಾ?" ಅಂದರು ವ್ಯಾಪಾರಿ. ಅಂಗಡಿ ತುಂಬ ಜನ ಇದ್ದರು.

ಅಕ್ಕನಿಗೆ ಏನು ಹೇಳಬೇಕೋ ತಿಳಿಯಲಿಲ್ಲ. 240 ರೂಪಾಯಿ ಬರಬೇಕಿತ್ತು. 60 ರೂಪಾಯಿ ಮುರಿದುಕೊಂಡರು. 180 ಕೈಗೆ ಬಂತು. ಹಣ ಹೋದದ್ದಕ್ಕೆ ಅಕ್ಕ ಅಳಲಿಲ್ಲ. ಕಳ್ಳಿ ಅಂದರಲ್ಲ, ಅದಕ್ಕೆ ಅತ್ತರು. ದಾರಿಯುದ್ದಕ್ಕೂ ಅತ್ತರು. ಆಮೇಲೆ ಎರಡು ತಿಂಗಳು ಸೂಜಿ ಮುಟ್ಟಲಿಲ್ಲ.

ಆ ನಾಲ್ಕು ಗ್ರಾಂ ಎಲ್ಲಿ ಹೋಯಿತು? ಯೋಚನೆ ಮಾಡಿ. ಮಣಿಯಲ್ಲಿ ಕೆಲವು ಒಡೆದಿರುತ್ತವೆ. ಕೆಲವು ಸೊಟ್ಟ. ಕೆಲವಕ್ಕೆ ತೂತೇ ಇರುವುದಿಲ್ಲ. ಅವನ್ನು ನಾವು ಆರಿಸಿ ಎಸೆಯುತ್ತಿದ್ದೆವು. ಕಸದ ಜೊತೆ ಗುಡಿಸಿ ಹಾಕುತ್ತಿದ್ದೆವು. ಆ ಕಸದಲ್ಲೇ ನಮ್ಮ ಸಾಕ್ಷಿ ಇತ್ತು. ನಮಗೆ ಗೊತ್ತಿರಲಿಲ್ಲ.

ಅದೇ ವರ್ಷ ನಮ್ಮೂರಲ್ಲಿ ಸಾಕ್ಷರತಾ ಕೇಂದ್ರ ಶುರುವಾಯಿತು. ರಾತ್ರಿ ಊಟ ಆದ ಮೇಲೆ ಎಂಟೂ ಜನ ಹೋದೆವು. ಮೊದಲು ಹೆಸರು ಬರೆಯೋದು ಕಲಿತೆವು. ಆಮೇಲೆ ಅಂಕಿ. ಆಮೇಲೆ ಕೂಡುವುದು, ಕಳೆಯುವುದು.

ಹಿರಿಯಕ್ಕ ಮಾತ್ರ ಹಿಂದೆ ಬಿದ್ದರು. "ಅಕ್ಷರ ಎಲ್ಲಾ ಇರುವೆ ಓಡಾಡಿದ ಹಾಗೆ ಕಾಣ್ತವೆ. ನನ್ನ ತಲೆಗೆ ಹತ್ತೋದಿಲ್ಲ ಬಿಡಿ" ಅಂದರು. ಕಲಿಸುವ ಮೇಡಂ ಅವರಿಗೆ ಅನುಮಾನ ಬಂತು. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗಿ ಕಣ್ಣು ತೋರಿಸಿದರು. ತಲೆಯದೇನೂ ತಪ್ಪಿರಲಿಲ್ಲ. ನಲವತ್ತು ದಾಟಿದ ಮೇಲೆ ಹತ್ತಿರದ್ದು ಮಂಜಾಗುವುದು ಸಹಜ. ಅದಕ್ಕೆ ಒಂದು ಕನ್ನಡಕ ಸಾಕಾಯಿತು. ಕನ್ನಡಕ ಹಾಕಿದ ದಿನ ಅಕ್ಕ ಅಕ್ಷರವನ್ನೂ ಓದಿದರು, ಮನೆಗೆ ಹೋಗಿ ಸೂಜಿಗೂ ದಾರ ಪೋಣಿಸಿದರು.

ಆಮೇಲೆ ನಾವು ಎರಡು ಕೆಲಸ ಮಾಡಿದೆವು. ಎಲ್ಲರೂ ದುಡ್ಡು ಹಾಕಿ ಒಂದು ಸಣ್ಣ ಎಲೆಕ್ಟ್ರಾನಿಕ್ ತಕ್ಕಡಿ ಕೊಂಡೆವು. ಒಂದೊಂದು ಡಬ್ಬಿ ಇಟ್ಟುಕೊಂಡೆವು. ಒಡೆದ ಮಣಿ, ಸೊಟ್ಟ ಮಣಿ ಎಲ್ಲಾ ಡಬ್ಬಿಗೆ. ಒಂದನ್ನೂ ಎಸೆಯುವ ಹಾಗಿಲ್ಲ. ಪುಸ್ತಕದಲ್ಲಿ ತಾರೀಖು ಹಾಕಿ ಬರೆದೆವು. ಬಂದ ಮಣಿ ಎಷ್ಟು? ಹಾರ ಎಷ್ಟು? ಉಳಿದದ್ದು ಎಷ್ಟು? ಒಡೆದದ್ದು ಎಷ್ಟು?

2019ರಲ್ಲಿ ಅಕ್ಕ ಮತ್ತೆ ಅದೇ ಅಂಗಡಿಗೆ ಹೋದರು. ನಾವೂ ಜೊತೆಗೆ ಹೋದೆವು. ಹಾರ 84 ಗ್ರಾಂ. ಉಳಿದದ್ದು 13 ಗ್ರಾಂ. ವ್ಯಾಪಾರಿ ಬಾಯಿ ತೆರೆಯುವ ಮೊದಲೇ ಅಕ್ಕ ಡಬ್ಬಿ ತೆಗೆದು ತಕ್ಕಡಿಗೆ ಸುರಿದರು. 3 ಗ್ರಾಂ.

"ನೂರು ಆಯ್ತಲ್ಲಾ ಅಣ್ಣಾ. ಚೀಟಿಯಲ್ಲಿ ಏನು ಬರೀತೀರಿ, ಸ್ವಲ್ಪ ಓದಿ ನೋಡ್ತೀನಿ" ಅಂದರು.

ವ್ಯಾಪಾರಿ ಮಾತಾಡಲಿಲ್ಲ. 240 ರೂಪಾಯಿ ಎಣಿಸಿ ಕೊಟ್ಟರು. ಅಕ್ಕ ಹೆಬ್ಬೆಟ್ಟು ಒತ್ತಲಿಲ್ಲ, ರುಜು ಹಾಕಿದರು. ಕೈ ನಡುಗುತ್ತಿತ್ತು. ಆದರೂ ಹಾಕಿದರು.

ಹಳೆಯ 60 ರೂಪಾಯಿ ವಾಪಸು ಬರಲಿಲ್ಲ. ಕೂಲಿಯೂ ತಕ್ಷಣ ಹೆಚ್ಚಲಿಲ್ಲ. ಸುಳ್ಳು ಯಾಕೆ ಹೇಳಬೇಕು? ಆದರೆ ಆ ದಿನದಿಂದ ನಮ್ಮನ್ನು ಯಾರೂ ಕಳ್ಳಿ ಅನ್ನಲಿಲ್ಲ.

ಬರೆಯೋಕೆ ಬಂದ ಮೇಲೆ ಬೇರೆ ಹೊಲಿಗೆ

ಮೊದಲು ನಮಗೆ ಹೂ ಹೊಲಿಗೆ ಒಂದೇ ಬರುತ್ತಿತ್ತು. ಬೇರೆ ವಿನ್ಯಾಸ ನೋಡಿದರೆ ಮನೆಗೆ ಬರುವಷ್ಟರಲ್ಲಿ ಮರೆತು ಹೋಗುತ್ತಿತ್ತು. ಈಗ ಬರೆದುಕೊಳ್ಳುತ್ತೇವೆ. ಚೌಕುಳಿ ಇರುವ ಲೆಕ್ಕದ ಪುಸ್ತಕ ತಗೊಳ್ಳಿ. ಒಂದು ಚೌಕ ಅಂದರೆ ಒಂದು ಮಣಿ. ಬಿಳಿಗೆ ‘ಬಿ’, ಕೆಂಪಿಗೆ ‘ಕೆ’, ಹಸಿರಿಗೆ ‘ಹ’. ಅಷ್ಟೇ. ಮೂರು ಅಕ್ಷರ ಬಂದರೆ ವಿನ್ಯಾಸ ನಿಮ್ಮದು.

ನಾವು ಕಲಿತ ಇನ್ನೂ ಐದು ಹೊಲಿಗೆ ಹೇಳ್ತೀವಿ. ಹೆಸರು ನಾವು ಕರೆಯುವ ಹೆಸರು.

ಏಣಿ ಹೊಲಿಗೆ. 2 ಮಣಿ ತಗೊಂಡು, ಮೊದಲನೆಯದರಲ್ಲಿ ಮತ್ತೆ ಅದೇ ದಿಕ್ಕಿಗೆ ಸೂಜಿ ತೂರಿಸಿ. ಎರಡೂ ಅಕ್ಕಪಕ್ಕ ನಿಲ್ಲುತ್ತವೆ. ಎರಡನೆಯದರಲ್ಲಿ ಇನ್ನೊಂದು ಸಲ ಹೋಗಿ. ಮೂರನೇ ಮಣಿ ತಗೊಂಡು ಎರಡನೆಯದರಲ್ಲಿ ತೂರಿಸಿ, ಮತ್ತೆ ಮೂರನೆಯದರಲ್ಲಿ ಹೋಗಿ. ಒಂದರಲ್ಲಿ ಸೂಜಿ ಮೇಲೆ ಹೋದರೆ ಪಕ್ಕದ್ದರಲ್ಲಿ ಕೆಳಗೆ ಬರುತ್ತದೆ. ಮಣಿಗಳು ಏಣಿಯ ಮೆಟ್ಟಿಲಿನಂತೆ ಸಾಲಾಗುತ್ತವೆ.

ಇಟ್ಟಿಗೆ ಹೊಲಿಗೆ. ಗೋಡೆ ಕಟ್ಟುವಾಗ ಎರಡು ಇಟ್ಟಿಗೆಯ ಸಂದಿನ ಮೇಲೆ ಒಂದು ಇಟ್ಟಿಗೆ ಇಡುತ್ತಾರಲ್ಲ, ಹಾಗೆ. ಮೊದಲು 5 ಮಣಿಯ ಏಣಿ ಮಾಡಿ. ಏಣಿಯ ಮಣಿಗಳ ಮಧ್ಯೆ ದಾರ ಸಣ್ಣ ಸೇತುವೆಯಂತೆ ಕಾಣುತ್ತದೆ. ಹೊಸ ಸಾಲಿಗೆ ಮೊದಲು 2 ಮಣಿ ತಗೊಂಡು ಎರಡನೇ ಸೇತುವೆಯ ಕೆಳಗೆ ಸೂಜಿ ಹಾಯಿಸಿ, ಎರಡನೇ ಮಣಿಯಲ್ಲಿ ಮೇಲೆ ಬನ್ನಿ. ಆಮೇಲೆ ಒಂದು ಸೇತುವೆಗೆ ಒಂದು ಮಣಿ. ಸಾಲು ಸಾಲಿಗೂ ಒಂದು ಮಣಿ ಕಡಿಮೆಯಾಗುತ್ತದೆ. 5, 4, 3, 2, 1. ಒಟ್ಟು 15 ಮಣಿಯ ತ್ರಿಕೋನ. ಹಾರದ ನಡುವೆ ಪದಕದ ಹಾಗೆ ತೂಗು ಹಾಕಬಹುದು.

ಒಂದು ಬಿಟ್ಟು ಒಂದು. ಫೋನಿನ ವಿಡಿಯೋಗಳಲ್ಲಿ ಇದಕ್ಕೆ ಪೆಯೋಟ್ ಅಂತಾರೆ. 10 ಮಣಿ ಪೋಣಿಸಿ. ಹೊಸ ಮಣಿ ಒಂದು ತಗೊಂಡು, ಕೊನೆಯ ಮಣಿ ಬಿಟ್ಟು ಅದರ ಹಿಂದಿನದರಲ್ಲಿ ಸೂಜಿ ತೂರಿಸಿ. ಮತ್ತೆ ಒಂದು ತಗೊಳ್ಳಿ, ಒಂದು ಬಿಡಿ, ಒಂದರಲ್ಲಿ ತೂರಿಸಿ. ಪಟ್ಟಿಯಂತೆ ಒತ್ತಾಗಿ ಬರುತ್ತದೆ. ಮೊದಲು ಪೋಣಿಸಿದ 10 ಮಣಿ ಎರಡು ಸಾಲಾಗುತ್ತದೆ. ಆಮೇಲೆ ಸಾಲಿಗೆ 5 ಮಣಿ. ನೂರು ಸಾಲಿಗೆ ಎಷ್ಟು? 500.

ಚೌಕ ಹೊಲಿಗೆ. ಹಿಂದೆ ಎಷ್ಟೋ ಮನೆಗಳಲ್ಲಿ ನೈಲಾನ್ ತಂತಿಯಿಂದ ಮಣಿಯ ಕೈಚೀಲ, ಬಾಗಿಲ ತೋರಣ ಮಾಡುತ್ತಿದ್ದರಲ್ಲ? ಬಹಳ ಮಟ್ಟಿಗೆ ಅದೇ ಹೊಲಿಗೆ. 4 ಮಣಿಯನ್ನು ಸುತ್ತು ಮಾಡಿ. ಮುಂದೆ 3 ಮಣಿ ತಗೊಂಡು, ಸೂಜಿ ಹೊರಬಂದ ಮಣಿಯಲ್ಲೇ ಮತ್ತೆ ತೂರಿಸಿ. ಎರಡನೇ ಚೌಕ ಆಯಿತು. ಆಚೆ ತುದಿಯ ಮಣಿಯವರೆಗೆ ಸೂಜಿ ಒಯ್ದು, ಮತ್ತೆ 3. ಮೊದಲ ಚೌಕಕ್ಕೆ 4, ಆಮೇಲೆ ಪ್ರತಿ ಚೌಕಕ್ಕೆ 3. ಹತ್ತು ಚೌಕಕ್ಕೆ 31 ಮಣಿ.

ಬಲೆ ಹೊಲಿಗೆ. ಹಾರದ ಕೆಳಗೆ ಮಣಿಯ ಕೊಂಡಿಗಳನ್ನು ಸಾಲಾಗಿ ಮಾಡಬೇಕು. ಒಂದು ಕೊಂಡಿಗೆ 5 ಮಣಿ. ಎರಡನೇ ಸಾಲಿನಲ್ಲಿ 5 ಮಣಿ ತಗೊಂಡು, ಮೇಲಿನ ಕೊಂಡಿಯ ನಡುವಿನ ಮಣಿಗೆ, ಅಂದರೆ 3ನೆಯದಕ್ಕೆ, ಸೂಜಿ ತೂರಿಸಬೇಕು. ಮೀನಿನ ಬಲೆಯಂತೆ ಇಳಿಯುತ್ತದೆ. ಈಜಿಪ್ಟ್ ದೇಶದ ಗೀಜಾದಲ್ಲಿ ಸುಮಾರು 4500 ವರ್ಷ ಹಿಂದಿನ ಗೋರಿಯೊಂದರಲ್ಲಿ ಮಣಿಯ ಬಲೆಯಿಂದ ಮಾಡಿದ ಉಡುಪೇ ಸಿಕ್ಕಿದೆ. ದಾರ ಮಣ್ಣಾಗಿತ್ತು. ಮಣಿ ಉಳಿದಿತ್ತು.

ಹಾರಕ್ಕೆ ಬೆಲೆ ಕಟ್ಟುವುದು ಹೇಗೆ?

2020ರಲ್ಲಿ ಕೊರೋನಾ ಬಂತು. ಅಂಗಡಿ ಮುಚ್ಚಿತು. ಕೂಲಿ ಕೆಲಸ ನಿಂತಿತು. ಆಮೇಲೆ ನಾವೇ ಮಣಿ ತಂದು, ನಾವೇ ಹೆಣೆದು, ಸಂತೆಯಲ್ಲಿ ಮಾರಲು ಶುರು ಮಾಡಿದೆವು. ಆಗ ಬೆಲೆ ಕಟ್ಟುವ ಪ್ರಶ್ನೆ ಬಂತು.

ಲೆಕ್ಕಕ್ಕೆ ಅಂತ ಹೀಗೆ ಇಟ್ಟುಕೊಳ್ಳೋಣ. ನಿಮ್ಮೂರಿನ ಬೆಲೆ ಬೇರೆ ಇರಬಹುದು. ಒಂದು ಹೂ ಹಾರಕ್ಕೆ ಮಣಿ 14 ರೂಪಾಯಿ. ದಾರ 2. ಕೊಕ್ಕೆ 4. ಮೇಣ, ಸೂಜಿ, ಕವರು 3. ಸಂತೆಗೆ ಹೋಗುವ ಬಸ್ಸಿನ ಪಾಲು 5. ಕೂಡಿದರೆ 28 ರೂಪಾಯಿ.

ಮುಗಿಯಿತಾ? ಇಲ್ಲ. ನಮ್ಮ ಸಮಯ ಎಲ್ಲಿ? ಒಂದು ಹಾರಕ್ಕೆ ಎರಡು ಗಂಟೆ ಬೇಕು. ಗಂಟೆಗೆ 40 ರೂಪಾಯಿ ಅಂದರೆ 80. 28ಕ್ಕೆ 80 ಸೇರಿಸಿದರೆ 108. ನಾವು 110 ಅಂತೀವಿ.

ಗಿರಾಕಿ 60ಕ್ಕೆ ಕೇಳುತ್ತಾರೆ. ಆಗ ಮನಸ್ಸಿನಲ್ಲೇ ಲೆಕ್ಕ ಹಾಕಿ. 60ರಲ್ಲಿ 28 ಕಳೆದರೆ 32. ಎರಡು ಗಂಟೆಗೆ 32. ಗಂಟೆಗೆ 16 ರೂಪಾಯಿ. ಕೊಡಬೇಕೋ ಬೇಡವೋ, ನೀವೇ ತೀರ್ಮಾನ ಮಾಡಿ. ಕೆಲವು ಸಲ ಸಂಜೆಯಾದರೆ ನಾವೂ ಕಡಿಮೆಗೆ ಕೊಡುತ್ತೇವೆ. ಆದರೆ ಎಷ್ಟು ಬಿಟ್ಟೆವು ಅಂತ ಗೊತ್ತಿದ್ದು ಬಿಡುತ್ತೇವೆ.

ಮನೆಯಲ್ಲಿ ಕೂತು ಮಾಡುವ ಕೆಲಸಕ್ಕೆ ಬೆಲೆ ಇಲ್ಲ ಅಂದುಕೊಳ್ಳುತ್ತಾರೆ. "ಸುಮ್ಮನೆ ಕೂತಿದ್ದೆ, ಹಾಗೇ ಎರಡು ಹಾರ ಮಾಡಿದೆ" ಅಂತ ನಾವೇ ಹೇಳ್ತೀವಿ. ಸುಮ್ಮನೆ ಕೂತಿದ್ದವರು ನಾಲ್ಕು ಗಂಟೆ ಬೆನ್ನು ಬಗ್ಗಿಸಿದ್ದಾರೆ. ಶುರು ಮಾಡಿದ ಹೊತ್ತು, ಮುಗಿಸಿದ ಹೊತ್ತು ಬರೆದಿಡಿ. ಬರೆದರೆ ನಿಮಗೇ ಕಾಣುತ್ತದೆ.

ಎಚ್ಚರಿಕೆಯ ನಾಲ್ಕು ಮಾತು

ಬೆಳಕು ಚೆನ್ನಾಗಿರುವ ಕಡೆ ಕೂತುಕೊಳ್ಳಿ. ಅರ್ಧ ಗಂಟೆಗೆ ಒಮ್ಮೆ ತಲೆ ಎತ್ತಿ ದೂರದ ಮರ ನೋಡಿ. ಕುತ್ತಿಗೆ, ಬೆರಳು ಆಡಿಸಿ.

ಸಣ್ಣ ಮಕ್ಕಳ ಕೈಗೆ ಮಣಿ ಸಿಗದಂತೆ ಇಡಿ. ಮಗು ಮೂಗಿಗೋ ಕಿವಿಗೋ ಮಣಿ ಹಾಕಿಕೊಂಡರೆ ಕಡ್ಡಿ ಹಾಕಿ ತೆಗೆಯಲು ಹೋಗಬೇಡಿ. ಇನ್ನೂ ಒಳಗೆ ಹೋಗುತ್ತದೆ. ತಕ್ಷಣ ಆಸ್ಪತ್ರೆಗೆ ಕರೆದುಕೊಂಡು ಹೋಗಿ.

ಸೂಜಿಗಳನ್ನು ಎಣಿಸಿ ತೆಗೆಯಿರಿ, ಎಣಿಸಿ ಇಡಿ.

ಕಣ್ಣು ಮಂಜಾದರೆ ನಾಚಿಕೆ ಬೇಡ. ತೋರಿಸಿಕೊಳ್ಳಿ. ನಮ್ಮ ಹಿರಿಯಕ್ಕನನ್ನು ನೆನೆಸಿಕೊಳ್ಳಿ.

ಕೊನೆಯ ಮಾತು

ಹನಿ ಹನಿ ಕೂಡಿದರೆ ಹಳ್ಳ ಅಂತಾರೆ ಹಿರಿಯರು. ಮಣಿಯೂ ಹಾಗೇ, ಅಕ್ಷರವೂ ಹಾಗೇ. ದಿನಕ್ಕೆ ಒಂದು ಸಾಲು ಹೆಣೆಯಿರಿ. ದಿನಕ್ಕೆ ಒಂದು ಸಾಲು ಬರೆಯಿರಿ. ಮಣಿ ತಪ್ಪಿದರೆ ಬಿಚ್ಚಿ ಮತ್ತೆ ಹೆಣೆಯುತ್ತೇವಲ್ಲ? ಅಕ್ಷರ ತಪ್ಪಿದರೂ ಅಳಿಸಿ ಮತ್ತೆ ಬರೆಯೋಣ. ಅದರಲ್ಲಿ ಅವಮಾನ ಏನಿದೆ?

ಒಂದು ವಿಷಯ ಮಾತ್ರ ಮರೆಯಬೇಡಿ. ಏನು ಮಾಡಿದರೂ ಲೆಕ್ಕ ನಿಮ್ಮ ಪುಸ್ತಕದಲ್ಲಿ, ನಿಮ್ಮ ಕೈಯಕ್ಷರದಲ್ಲಿ ಇರಲಿ. ಕಸೂತಿಯಾಗಲಿ, ಬೀಡಿಯಾಗಲಿ, ಹಾಲಿನ ಡೈರಿಯಾಗಲಿ, ಅದೇ ಮಾತು.

ಈಗ ಎಲ್ಲರಿಗೂ ಒಂದೊಂದು ಸೂಜಿ, ಒಂದು ಎಳೆ ದಾರ, ಸ್ವಲ್ಪ ಮಣಿ ಕೊಡ್ತೀವಿ. ಐದು ಹೂ ಮಾಡಿ ನೋಡಿ. ಹೂಗಳ ಮಧ್ಯೆ 2 ಹಸಿರು ಮಣಿ. ಒಟ್ಟು ಎಷ್ಟು ಮಣಿ ಬೇಕು ಅಂತ ಮೊದಲು ಸ್ಲೇಟಿನ ಮೇಲೆ ಬರೆಯಿರಿ. ಬರೆದವರು ಬಂದು ಅಷ್ಟೇ ಮಣಿ ಎಣಿಸಿ ತಗೊಳ್ಳಿ.

ಹಿರಿಯಕ್ಕ ಡಬ್ಬಿ ಹಿಡಿದು ಕೂತಿದ್ದಾರೆ. ಒಡೆದ ಮಣಿ ಸಿಕ್ಕರೆ ಎಸೆಯಬೇಡಿ. ಅವರಿಗೆ ಕೊಡಿ.